ಕೆನಡಾ, ಜರ್ಮನಿ: ಇಬ್ಬರೂ ದುಡಿಯುವ ದಂಪತಿ ಎಲ್ಲಿಗೆ ಹೋಗಬೇಕು?

ನಾನು ದಾವಣಗೆರೆಯಲ್ಲಿ ಬಿ.ಡಿ.ಎಸ್. ಓದಿದ ದಂತವೈದ್ಯೆ, ನನ್ನ ಪತಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು. 2019ರ ಮೇ ತಿಂಗಳಿನಿಂದ 2021ರ ಕೊನೆಯವರೆಗೆ ಕೆನಡಾದ ಮಿಸ್ಸಿಸಾಗಾದಲ್ಲಿ ಇದ್ದೆವು. 2022ರ ಜನವರಿಯಿಂದ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇವೆ. ಎರಡೂ ಕಡೆ ಸಂಸಾರ ಹೂಡಿ ನೋಡಿದ ಮೇಲೆ ನಾನು ಇತರ ದಂಪತಿಗಳಿಗೆ ಹೇಳುವುದು ಒಂದೇ ಮಾತು: ಜೊತೆಯಲ್ಲಿ ಹೋದವರ ಕೈಗೆ ಅವರ ಕಸುಬು ಎಷ್ಟು ಬೇಗ ಮರಳುತ್ತದೆ ಎಂಬುದನ್ನು ಮೊದಲು ನೋಡಿ, ಸಂಬಳ, ಬಾಡಿಗೆ, ಚಳಿ ಎಲ್ಲವನ್ನೂ ಆಮೇಲೆ ಲೆಕ್ಕ ಹಾಕಿ. ಅಮೆರಿಕವನ್ನು ನಾವು ಆರಂಭದಲ್ಲೇ ಕೈಬಿಟ್ಟದ್ದು ಇದೇ ಕಾರಣಕ್ಕೆ. ಅಲ್ಲಿ ಎಚ್-1ಬಿ ವೀಸಾದಲ್ಲಿರುವವರ ಸಂಗಾತಿಗೆ ಕೆಲಸದ ಅನುಮತಿ ದೊರೆಯುವುದು ಸಾಮಾನ್ಯವಾಗಿ ಗ್ರೀನ್ ಕಾರ್ಡಿನ ಪ್ರಕ್ರಿಯೆ ಒಂದು ಹಂತ ದಾಟಿದ ಮೇಲೆಯೇ. 2015ಕ್ಕೆ ಮೊದಲು ಅಷ್ಟೂ ಇರಲಿಲ್ಲ.

ಕಾಗದಪತ್ರದ ಮಟ್ಟಿಗೆ ಕೆನಡಾವೇ ಮೇಲು. 2015ರಲ್ಲಿ ಆರಂಭವಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ ವಯಸ್ಸು, ಓದು, ಭಾಷೆ, ಅನುಭವಗಳಿಗೆ ಒಟ್ಟು 1,200 ಅಂಕಗಳಲ್ಲಿ ಅಳತೆ ನಡೆಯುತ್ತದೆ. ಸಂಗಾತಿಯ ಓದಿಗೂ ಇಂಗ್ಲಿಷಿಗೂ ಅದರಲ್ಲಿ ಪಾಲಿದೆ. ಪಿ.ಆರ್., ಅಂದರೆ ಕಾಯಂ ವಾಸದ ಹಕ್ಕು, ಬಂದಾಗ ಅದು ನಮ್ಮಿಬ್ಬರ ಹೆಸರಿನಲ್ಲೂ ಪ್ರತ್ಯೇಕವಾಗಿ ಬಂತು. ನನ್ನ ಕಾಗದ ಪತಿಯ ಕಾಗದಕ್ಕೆ ಜೋತುಬಿದ್ದಿರಲಿಲ್ಲ. ಇಳಿದ ದಿನದಿಂದಲೇ ಯಾರ ಬಳಿ ಬೇಕಾದರೂ ಕೆಲಸಕ್ಕೆ ಸೇರುವ ಹಕ್ಕು ನನಗಿತ್ತು. ಆದರೆ ಆ ಹಕ್ಕು ಹಲ್ಲಿನ ಕುರ್ಚಿಯ ಪಕ್ಕದಲ್ಲಿ ವೈದ್ಯಳಾಗಿ ಕೂರುವುದಕ್ಕೆ ಸಾಲುತ್ತಿರಲಿಲ್ಲ. ಹೊರದೇಶದಲ್ಲಿ ಓದಿದ ದಂತವೈದ್ಯರು ಮೂಲಜ್ಞಾನದ ಪರೀಕ್ಷೆ, ಚಿಕಿತ್ಸೆಯ ನಿರ್ಣಯದ ಪರೀಕ್ಷೆ, ಕೈಕೆಲಸದ ಪರೀಕ್ಷೆ, ಕೊನೆಗೆ ಅಲ್ಲಿಯ ಪದವೀಧರರೂ ಬರೆಯುವ ಪರೀಕ್ಷೆ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಶುಲ್ಕ ಸಾವಿರಾರು ಡಾಲರ್. ಅದೆಲ್ಲ ಮುಗಿಯುವವರೆಗೆ ರೋಗಿಯ ಬಾಯಿಗೆ ವೈದ್ಯಳಾಗಿ ಕೈಹಾಕುವಂತಿಲ್ಲ. ನಾನು ಮೊದಲ ಪರೀಕ್ಷೆ ಮುಗಿಸುವ ಹೊತ್ತಿಗೆ ಕೋವಿಡ್ ಬಂತು, ಕೈಕೆಲಸದ ಪರೀಕ್ಷೆಗಳು ನಿಂತವು, ಅದೇ ವರ್ಷ ಮಗಳು ಹುಟ್ಟಿದಳು. ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಉಪಕರಣ ತೊಳೆದು, ವೈದ್ಯರಿಗೆ ರೋಗಿಯ ಬಾಯಿಯ ನೀರು ಹೀರುವ ಸಕ್ಷನ್ ಕೊಳವೆ ಹಿಡಿದುಕೊಟ್ಟು ದಿನ ಕಳೆದೆ. ಕೆಲಸ ಯಾವುದೂ ಕೀಳಲ್ಲವೆಂದು ನನಗೆ ಗೊತ್ತು. ಆದರೂ ಐದು ವರ್ಷ ಕಲಿತ ಕೈ ಸುಮ್ಮನೆ ನಿಂತು ಬೇರೆಯವರು ಬೇರುನಾಳದ ಚಿಕಿತ್ಸೆ ಮಾಡುವುದನ್ನು ನೋಡುವಾಗ ಆಗುವ ನೋವು ನಿಜವಾದದ್ದು.

ಪತಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿ ಬ್ಲೂ ಕಾರ್ಡ್, ಅಂದರೆ ಉನ್ನತ ಓದಿನ ಉದ್ಯೋಗಿಗಳಿಗೆ ಕೊಡುವ ವಾಸದ ಅನುಮತಿ, ಬಂದಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗಿತ್ತು, ಏಕೆಂದರೆ ನನಗೆ ಜರ್ಮನ್ ಭಾಷೆಯ ಗಂಧವೂ ಇರಲಿಲ್ಲ. ಬ್ಲೂ ಕಾರ್ಡ್ ಇರುವವರ ಸಂಗಾತಿ ಜರ್ಮನ್ ಕಲಿಯದೆಯೂ ಬರಬಹುದು, ಬಂದಕೂಡಲೇ ಕೆಲಸಕ್ಕೂ ಸೇರಬಹುದು. ವೈದ್ಯವೃತ್ತಿಗೆ ಮಾತ್ರ, ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲುಗಳ ಯುರೋಪಿನ ಭಾಷಾ ಅಳತೆಯಲ್ಲಿ, ಸಾಮಾನ್ಯ ಭಾಷೆ ಬಿ2 ಮಟ್ಟದಲ್ಲಿ, ವೃತ್ತಿಯ ಭಾಷೆ ಸಿ1 ಮಟ್ಟದಲ್ಲಿ ಇರಬೇಕು. ಮಗಳನ್ನು ಮಲಗಿಸಿದ ಮೇಲೆ ರಾತ್ರಿ ಓದಿ ಒಂದೂವರೆ ವರ್ಷದಲ್ಲಿ ಅಲ್ಲಿಗೆ ತಲುಪಿದೆ. ವೃತ್ತಿಭಾಷೆಯ ಪರೀಕ್ಷೆ ಒಂದು ಗಂಟೆಯದು: ರೋಗಿಯೊಡನೆ 20 ನಿಮಿಷ ಮಾತು, 20 ನಿಮಿಷ ಬರವಣಿಗೆ, ಸಹವೈದ್ಯರೊಡನೆ 20 ನಿಮಿಷ ಚರ್ಚೆ. ರೋಗಿಯ ಪಾತ್ರದಲ್ಲಿ ಕುಳಿತಿದ್ದವರು ದವಡೆ ಹಿಡಿದುಕೊಂಡು ತಮ್ಮ ನೋವು ‘ತ್ಸೀಎಂಟ್’ ಎಂದರು. ಆ ಪದದ ಮೂಲಾರ್ಥ ಎಳೆಯುವುದು ಎಂದು. ಇಂಗ್ಲಿಷಿನಲ್ಲಿ ಹುಡುಕಿದ್ದರೆ ತಡವರಿಸುತ್ತಿದ್ದೆನೇನೋ. ದಾವಣಗೆರೆಯ ಹೊರರೋಗಿ ವಿಭಾಗದಲ್ಲಿ ಅಜ್ಜಿಯಂದಿರು ‘ಸೆಳೀತತವ್ವಾ’ ಎನ್ನುತ್ತಿದ್ದದ್ದು ಇದೇ ಅಲ್ಲವೇ ಎಂದು ತಟ್ಟನೆ ಹೊಳೆದು, ಮುಂದಿನ ಪ್ರಶ್ನೆ ತಾನಾಗಿ ಬಾಯಿಗೆ ಬಂತು.

ಆ ಪರೀಕ್ಷೆಯ ಬಳಿಕ ದೊರೆತ ತಾತ್ಕಾಲಿಕ ವೃತ್ತಿ ಅನುಮತಿಯೇ ನನ್ನ ಪಾಲಿಗೆ ಎರಡು ದೇಶಗಳ ನಡುವಿನ ನಿಜವಾದ ವ್ಯತ್ಯಾಸ. ಪೂರ್ಣ ಪರವಾನಗಿಗೆ ಬೇಕಾದ ಜ್ಞಾನಪರೀಕ್ಷೆ ಬಾಕಿಯಿದ್ದರೂ, ಅನುಭವಿ ವೈದ್ಯರ ಮೇಲ್ವಿಚಾರಣೆಯಲ್ಲಿ, ಸಾಮಾನ್ಯವಾಗಿ ಹೆಚ್ಚೆಂದರೆ ಎರಡು ವರ್ಷ, ಸಂಬಳ ಪಡೆದು ಚಿಕಿತ್ಸೆ ಮಾಡಬಹುದು. 2023ರ ಅಕ್ಟೋಬರಿನಲ್ಲಿ, ನಾಲ್ಕೂವರೆ ವರ್ಷಗಳ ನಂತರ, ನಾನು ಮತ್ತೆ ಒಂದು ಹಲ್ಲಿನ ಹುಳುಕು ತೆಗೆದು ತುಂಬಿದೆ. ಪೂರ್ಣ ಪರವಾನಗಿ 2025ರಲ್ಲಿ ಕೈಸೇರಿತು. ಸಾಮಾನ್ಯ ಹಲ್ಲಿನ ಚಿಕಿತ್ಸೆ ಇಲ್ಲಿಯ ಕಡ್ಡಾಯ ಆರೋಗ್ಯ ವಿಮೆಯಲ್ಲೇ ಸೇರಿದೆ. ನಾವಿದ್ದಾಗ, ಮಿಸ್ಸಿಸಾಗಾ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ವಿಮೆಯಲ್ಲಿ ವಯಸ್ಕರಿಗೆ ಅದು ಬಹುಪಾಲು ಇರಲಿಲ್ಲ.

ಜರ್ಮನಿಯಲ್ಲಿ ನನ್ನನ್ನು ಕಾಡಿದ ಸಂಗತಿಗಳೂ ಇವೆ, ಅವನ್ನು ಮುಚ್ಚಿಡಬಾರದು. ನನ್ನ ವಾಸದ ಅನುಮತಿ ಪತಿಯದಕ್ಕೆ ಹೊಂದಿಕೊಂಡದ್ದು. ದಾಂಪತ್ಯ ಮುರಿದರೆ ಸ್ವತಂತ್ರವಾಗಿ ಉಳಿಯುವ ಹಕ್ಕು ಸಾಮಾನ್ಯವಾಗಿ ಇಲ್ಲಿ ಮೂರು ವರ್ಷ ಜೊತೆಗೆ ಬಾಳಿದ ಮೇಲಷ್ಟೇ. ಹೆಣ್ಣುಮಕ್ಕಳನ್ನು ಮದುವೆ ಮಾಡಿ ಇಲ್ಲಿಗೆ ಕಳುಹಿಸುವ ತಂದೆತಾಯಿ ಇದನ್ನು ತಿಳಿದಿರಲೇಬೇಕು. ಇನ್ನೊಂದು, ತೆರಿಗೆ. ಕೆನಡಾದಲ್ಲಿ ಗಂಡ ಹೆಂಡತಿಗೆ ಬೇರೆಬೇರೆ ಲೆಕ್ಕ. ಇಲ್ಲಿ ದಂಪತಿ ತೆರಿಗೆಯ ವರ್ಗ ಆರಿಸಿಕೊಳ್ಳಬೇಕು. ಪರಿಚಿತರೊಬ್ಬರ ಸಲಹೆಯಂತೆ ಪತಿ ಮೂರನೆಯ ವರ್ಗ, ನಾನು ಐದನೆಯ ವರ್ಗ ಹಿಡಿದೆವು. ನನ್ನ ಮೊದಲ ಸಂಬಳದ ಚೀಟಿಯಲ್ಲಿ ಕಡಿತದ ಸಾಲು ನೋಡಿ ಯಾರೋ ತಪ್ಪಾಗಿ ಬರೆದಿದ್ದಾರೆಂದೇ ತಿಳಿದೆ. ತಪ್ಪಾಗಿರಲಿಲ್ಲ, ಇಬ್ಬರ ರಿಯಾಯಿತಿಯೂ ಪತಿಯ ಚೀಟಿಗೆ ಹೋಗಿತ್ತು. ವರ್ಷಾಂತ್ಯದ ವಿವರಪಟ್ಟಿಯಲ್ಲಿ ಒಟ್ಟು ತೆರಿಗೆ ಸರಿಹೋಗುತ್ತದೆ ನಿಜ, ಆದರೆ ಹೆರಿಗೆಯ ನಂತರದ ಪೋಷಕ ಭತ್ಯೆ, ನಿರುದ್ಯೋಗ ಭತ್ಯೆಗಳು ಕೈಗೆ ಬಂದ ಸಂಬಳದ ಆಧಾರದಲ್ಲೇ ನಿಗದಿಯಾಗುವುದರಿಂದ ಕಡಿಮೆ ದುಡಿಯುವವರಿಗೆ ನಷ್ಟ. ಮರುತಿಂಗಳೇ ಇಬ್ಬರೂ, ಅವರವರ ರಿಯಾಯಿತಿ ಅವರವರ ಚೀಟಿಯಲ್ಲೇ ಉಳಿಯುವ ನಾಲ್ಕನೆಯ ವರ್ಗಕ್ಕೆ ಬದಲಾದೆವು. ಶಿಶುವಿಹಾರದ ವಿಷಯ ಹೇಳುವುದಾದರೆ, ಒಂದು ವರ್ಷ ತುಂಬಿದ ಮಗುವಿಗೆ ಜಾಗ ಪಡೆಯುವ ಹಕ್ಕು 2013ರಿಂದ ಕಾನೂನಿನಲ್ಲಿದ್ದರೂ ಮ್ಯೂನಿಕ್‌ನಲ್ಲಿ ನಮಗೆ ಜಾಗ ಸಿಗಲು ಏಳು ತಿಂಗಳು ಹಿಡಿಯಿತು. ಬಾಡಿಗೆ ಎರಡೂ ಊರುಗಳಲ್ಲಿ ದುಬಾರಿ.

ಹೀಗಾಗಿ ನನ್ನ ತೀರ್ಮಾನ ಎಲ್ಲರಿಗೂ ಒಂದೇ ಅಲ್ಲ. ಇಬ್ಬರದೂ ಪರವಾನಗಿ ಬೇಡದ, ಇಂಗ್ಲಿಷಿನಲ್ಲೇ ನಡೆಯುವ ಕೆಲಸವಾದರೆ ಕೆನಡಾಕ್ಕೆ ಹೋಗಿ, ಆದರೆ ಪಿ.ಆರ್. ಕೈಯಲ್ಲಿ ಹಿಡಿದೇ ಹೋಗಿ. ತಾತ್ಕಾಲಿಕ ವೀಸಾದಲ್ಲಿ ಹೋಗುವವರ ಸಂಗಾತಿಗೆ ಕೆಲಸದ ಅನುಮತಿಯನ್ನು 2025ರ ಜನವರಿಯಿಂದ ಬಿಗಿಗೊಳಿಸಿದ್ದಾರೆ. ಒಬ್ಬರು ವೈದ್ಯರೋ ದಂತವೈದ್ಯರೋ ಆಗಿದ್ದು, ಒಂದೂವರೆ ಎರಡು ವರ್ಷ ಭಾಷೆಗೆ ಮೀಸಲಿಡುವ ಮನಸ್ಸಿದ್ದರೆ ಜರ್ಮನಿಯೇ ಸರಿ. ಬಿ1 ಮಟ್ಟದ ಜರ್ಮನ್ ಇದ್ದರೆ ಬ್ಲೂ ಕಾರ್ಡಿನವರಿಗೆ 21 ತಿಂಗಳಲ್ಲೇ ಕಾಯಂ ವಾಸದ ಅನುಮತಿ ಸಿಗುತ್ತದೆ. ನನ್ನ ಪತಿಗೂ ಹಾಗೆಯೇ ಸಿಕ್ಕಿತು.

ಕೆನಡಾದ ಪಿ.ಆರ್. ಉಳಿಸಿಕೊಳ್ಳಲು ಪ್ರತಿ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ಆ ಲೆಕ್ಕ ನಮ್ಮ ಕೈತಪ್ಪಿದೆ. ಅಲ್ಲೇ ಹುಟ್ಟಿದ ಮಗಳು ಮಾತ್ರ ಜನ್ಮತಃ ಕೆನಡಾದ ಪ್ರಜೆ. ಮುಂದೆ ಅವಳು ಅಲ್ಲಿಗೆ ಹೋಗಿ ನೆಲೆಸುವುದಾದರೆ, ನಾವು ಬರೆದಂಥ ಒಂದು ಅರ್ಜಿಯನ್ನೂ ಬರೆಯಬೇಕಾಗಿಲ್ಲ.