ಉಬುಂಟುವೋ ಮಿಂಟೋ? ಸಪ್ತಾಪುರದ ಅಂಗಡಿಯಲ್ಲಿ ಎರಡನ್ನೂ ಬಳಸಿ ನೋಡಿದ್ದು

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು. ನಮ್ಮಲ್ಲಿರುವುದು ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್, ಹಳೆಯ ಹಾರ್ಡ್ ಡಿಸ್ಕ್. ಚೆನ್ನಾಗಿ ನಡೆಯುತ್ತಿರುವ ಮಷಿನ್‌ಗಳನ್ನು ಸುಮ್ನೆ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ನಮ್ಮದು ಧಾರವಾಡದ ಸಪ್ತಾಪುರದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಸುತ್ತಲೂ ಕೋಚಿಂಗ್ ಸೆಂಟರ್‌ಗಳು, ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುವ ಹುಡುಗ ಹುಡುಗಿಯರು. ಅರ್ಜಿ, ಪಹಣಿ, ಫೀ ಕಟ್ಟುವುದು, ಹಾಲ್ ಟಿಕೆಟ್, ಎಲ್ಲವೂ ಬ್ರೌಸರ್‌ನಲ್ಲೇ. ಹಾಗಾಗಿ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್‌ಗೆ ಬರುವುದು ಕಷ್ಟವಾಗಲಿಲ್ಲ. ಅದರಲ್ಲಿ ಹಲವು ಬಗೆ ಇವೆ, ಯಾವ ಲಿನಕ್ಸ್ ಅನ್ನೋದೇ ಪ್ರಶ್ನೆ. ಒಂದು ಮಷಿನ್‌ಗೆ ಉಬುಂಟು 24.04, ಪಕ್ಕದ್ದಕ್ಕೆ ಲಿನಕ್ಸ್ ಮಿಂಟ್ 22 (ಸಿನಮನ್ ಅನ್ನುವ ಡೆಸ್ಕ್‌ಟಾಪ್ ಇರುವ ಆವೃತ್ತಿ) ಹಾಕಿ, ಎರಡರಲ್ಲೂ ಅದೇ ಕೆಲಸ ಮಾಡುತ್ತಾ ಬಂದೆವು.

ಮಿಂಟ್ 22 ಕಟ್ಟಿರುವುದೇ ಉಬುಂಟು 24.04ರ ಮೇಲೆ. ಎರಡಕ್ಕೂ 2029ರವರೆಗೆ ಅಪ್‌ಡೇಟ್ ಇದೆ. ಒಳಗಿನ ಸರಕು ಹೆಚ್ಚು ಕಡಿಮೆ ಒಂದೇ. ಆದರೂ ದಿನವಿಡೀ ಕೂತು ಕೆಲಸ ಮಾಡುವವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲ ವ್ಯತ್ಯಾಸ ಫೈರ್‌ಫಾಕ್ಸ್‌ನದು. ಉಬುಂಟುವಿನಲ್ಲಿ ಅದು ಸ್ನ್ಯಾಪ್ ರೂಪದಲ್ಲಿ, ಅಂದರೆ ಬೇಕಾದ್ದೆಲ್ಲ ಒಳಗೇ ತುಂಬಿಕೊಂಡು ತಾನೇ ಅಪ್‌ಡೇಟ್ ಆಗುವ ಪೊಟ್ಟಣವಾಗಿ ಬರುತ್ತದೆ. ಬೆಳಗ್ಗೆ ಮಷಿನ್ ಹಚ್ಚಿ ಮೊದಲ ಸಲ ತೆರೆದಾಗ ಹಾರ್ಡ್ ಡಿಸ್ಕ್ ಮೇಲೆ ಅದು ನಿಧಾನ. ಇನ್ನು ಮಧ್ಯೆ ಮಧ್ಯೆ 'ಅಪ್‌ಡೇಟ್ ಬಾಕಿ ಇದೆ, ಫೈರ್‌ಫಾಕ್ಸ್ ಮುಚ್ಚಿ' ಅಂತ ಸೂಚನೆ ಬರುತ್ತಿರುತ್ತದೆ. ಅರ್ಜಿಯ ಕೊನೆ ದಿನ, ಎದುರಿಗೆ ಸಾಲು ನಿಂತಿದೆ, ಫಾರ್ಮ್ ಅರ್ಧ ತುಂಬಿದೆ. ಆಗ ಇಂಥದ್ದು ಬೇಡ ಅನಿಸುತ್ತದೆ, ಅಲ್ವಾ? ಮಿಂಟ್ ಸ್ನ್ಯಾಪ್ ಬಳಸುವುದಿಲ್ಲ. ಫೈರ್‌ಫಾಕ್ಸ್ ಮಾಮೂಲಿ ಪ್ಯಾಕೇಜ್ ಆಗಿ ಬರುತ್ತದೆ, ಅಪ್‌ಡೇಟ್ ಯಾವಾಗ ಅನ್ನೋದು ನಮ್ಮ ಕೈಯಲ್ಲಿರುತ್ತದೆ. ಜೊತೆಗೆ ಮಿಂಟ್‌ನಲ್ಲಿ 'ವೆಬ್ ಆಪ್ಸ್' ಅನ್ನುವ ಸಲಕರಣೆ ಇದೆ. ದಿನಾ ಬಳಸುವ ವೆಬ್‌ಸೈಟ್‌ಗೆ ಬೇರೆಯದೇ ಕಿಟಕಿ, ಬೇರೆಯದೇ ಐಕಾನ್ ಮಾಡಿಕೊಳ್ಳಬಹುದು. ಸೇವಾ ಸಿಂಧು ಒಂದು ಕಡೆ, ಪಹಣಿಯ ಭೂಮಿ ತಾಣ ಒಂದು ಕಡೆ. ಹತ್ತಾರು ಟ್ಯಾಬ್‌ಗಳಲ್ಲಿ ಹುಡುಕುವ ಕೆಲಸ ತಪ್ಪಿತು.

ಕನ್ನಡ ಟೈಪಿಂಗ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನುಡಿ ಕೀಲಿಮಣೆಗೆ ಕೈ ಕೂತವರು ಇಲ್ಲೇ ಹಿಂದೆ ಸರಿಯುತ್ತಾರೆ. ಎರಡರಲ್ಲೂ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ವಿನ್ಯಾಸ ಇದೆ. ಆದರೆ ಅದರಲ್ಲಿ ಇ, ಎ, ಒ ಥರದ ಸ್ವರ ಬರೆಯಲು ಬಲಗಡೆಯ ಆಲ್ಟ್ ಹಿಡಿಯಬೇಕು, ಕೈ ತಡವರಿಸುತ್ತದೆ. ಅದರ ಬದಲು, ಬೇರೆ ಭಾಷೆ ಟೈಪ್ ಮಾಡಲು ನೆರವಾಗುವ ಐಬಸ್ ಜೊತೆಗೆ ಹಲವು ಭಾಷೆಗಳ ಕೀಲಿಮಣೆಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು ಅದರೊಳಗಿನ ಕೆಜಿಪಿ (ಕಗಪ) ಆರಿಸಿಕೊಳ್ಳಿ. ವ್ಯಂಜನದ ನಂತರ ಸ್ವರ ಒತ್ತಿದರೆ ತಾನೇ ಗುಣಿತ ಆಗುತ್ತದೆ, ಎಫ್ ಒತ್ತಿದರೆ ಒತ್ತಕ್ಷರ, ಥೇಟ್ ನುಡಿಯ ಹಾಗೆ. ಇದನ್ನು ಹೊಂದಿಸುವುದು ಉಬುಂಟುವಿನಲ್ಲಿ ಸಲೀಸು. ಸೆಟ್ಟಿಂಗ್ಸ್‌ನಲ್ಲಿ ಸೇರಿಸಿ ಸೂಪರ್ (ವಿಂಡೋಸ್ ಗುರುತಿನ ಕೀಲಿ) ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಮಿಂಟ್‌ನಲ್ಲಿ ಇನ್‌ಪುಟ್ ಮೆಥಡ್‌ಗೆ ಹೋಗಿ ಐಬಸ್ ಆರಿಸಿ, ಲಾಗೌಟ್ ಆಗಿ ಬರಬೇಕು. ಈ ಒಂದು ವಿಷಯದಲ್ಲಿ ಉಬುಂಟು ಮುಂದೆ. ಹಳೆಯ ನುಡಿ ಫಾಂಟ್‌ನ ಕಡತಗಳು ಮಾತ್ರ ಎರಡರಲ್ಲೂ ಫಾಂಟ್ ಹಾಕುವವರೆಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳುವುದೇ ಒಳ್ಳೆಯದು.

'ಸರ, ಫೋಟೋ ಸೈಜ್ ಜಾಸ್ತಿ ಆಗೇತ್ರಿ, ತಗೋವಲ್ದು' ಅನ್ನುವ ಮಾತು ನಮ್ಮಲ್ಲಿ ದಿನಕ್ಕೆಷ್ಟೋ ಸಲ ಕೇಳುತ್ತದೆ. ಅರ್ಜಿಗೆ 50 ಕೆಬಿ ಒಳಗಿನ ಫೋಟೋ ಬೇಕಿರುತ್ತದೆ. ಮಿಂಟ್‌ನ ಫೈಲ್ ಮ್ಯಾನೇಜರ್ ನೀಮೊಗೆ ನಮ್ಮದೇ 'ಆ್ಯಕ್ಷನ್' ಸೇರಿಸಬಹುದು. ಇಮೇಜ್‌ಮ್ಯಾಜಿಕ್ ಅನ್ನುವ ಚಿತ್ರ ಬದಲಿಸುವ ತಂತ್ರಾಂಶ ಹಾಕಿ, ಸಣ್ಣ ಪಠ್ಯ ಕಡತವೊಂದನ್ನು ಬರೆದಿಟ್ಟೆವು. ಈಗ ಫೋಟೋ ಮೇಲೆ ಬಲ ಕ್ಲಿಕ್ ಮಾಡಿದರೆ '50 ಕೆಬಿ ಮಾಡು' ಅಂತ ಕನ್ನಡದಲ್ಲೇ ಕಾಣುತ್ತದೆ. ಒತ್ತಿದರೆ ಮುಗಿಯಿತು, ಗುಣಮಟ್ಟ ಎಷ್ಟು ಇಳಿಸಬೇಕೋ ಅದೇ ನೋಡಿಕೊಳ್ಳುತ್ತದೆ. ಉಬುಂಟುವಿನಲ್ಲೂ ಸ್ಕ್ರಿಪ್ಟ್ ಇಟ್ಟು ಇದೇ ಕೆಲಸ ಮಾಡಬಹುದು, ಆದರೆ ಒಂದು ಮೆನು ಒಳಗೆ ಹೋಗಬೇಕು. ಈ ಸೌಲಭ್ಯ ನನಗೆ ಎಷ್ಟು ಹಿಡಿಸಿದೆ ಅಂದರೆ, ಮಿಂಟ್ ಉಳಿಸಿಕೊಳ್ಳಲು ಇದೊಂದೇ ಸಾಕಿತ್ತು.

ನೋಟದ ವಿಷಯ ಬೇಗ ಹೇಳಿಬಿಡುತ್ತೇನೆ. ಮಿಂಟ್‌ನಲ್ಲಿ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಹೊಸದಾಗಿ ಸೇರಿದವರಿಗೂ ಕಲಿಸುವ ಕೆಲಸವಿಲ್ಲ. ಉಬುಂಟು ಅಂದವಾಗಿದೆ, ಆದರೆ 4 ಜಿಬಿಯಲ್ಲಿ ಅದರ ಡೆಸ್ಕ್‌ಟಾಪ್ ಗ್ನೋಮ್ ಜೊತೆ ಬ್ರೌಸರ್‌ಗೂ ಜಾಗ ಬೇಕಲ್ಲ! ನಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಉಬುಂಟುವೇ ಚೆಂದ. ಟಚ್‌ಪ್ಯಾಡ್ ಮೇಲೆ ಮೂರು ಬೆರಳು ಆಡಿಸಿದರೆ ಕಿಟಕಿಗಳೆಲ್ಲ ಹರಡಿಕೊಳ್ಳುತ್ತವೆ, ಪರದೆಯ ಅಕ್ಷರಗಳ ಅಳತೆ (ಸ್ಕೇಲಿಂಗ್) ಕೂಡ ಹದವಾಗಿದೆ. ಅದರಲ್ಲಿ ಅದನ್ನೇ ಉಳಿಸಿಕೊಂಡಿದ್ದೇವೆ.

ಎರಡೂ ಸೋತ ಜಾಗಗಳಿವೆ. ನಮ್ಮ ಹಳೆಯ ಲೇಸರ್ ಪ್ರಿಂಟರ್ ಯಾವುದರಲ್ಲೂ ನಡೆಯಲಿಲ್ಲ. ಲೆಕ್ಕ ಬರೆಯುವ ಟ್ಯಾಲಿ ವಿಂಡೋಸ್‌ಗೆ ಮಾತ್ರ ಇದೆ. ಕಂಪನಿಗಳ ಜಿಎಸ್‌ಟಿ ಸಲ್ಲಿಕೆಗೆ ಡಿಜಿಟಲ್ ಸಹಿ ಕಡ್ಡಾಯ, ಆ ಸಹಿ ಇರುವ ಯುಎಸ್‌ಬಿ ಟೋಕನ್ ಕೆಲಸಕ್ಕೆ ಒಂದು ವಿಂಡೋಸ್ ಮಷಿನ್ ಇಟ್ಟುಕೊಂಡಿದ್ದೇವೆ. ಒಬ್ಬರೇ ಮಾಲೀಕರಿರುವ ಅಂಗಡಿಗಳ ರಿಟರ್ನ್ ಒಟಿಪಿಯಲ್ಲೇ ಮುಗಿಯುವುದರಿಂದ ಅವು ಮಿಂಟ್‌ನಲ್ಲೇ ಆಗುತ್ತವೆ.

ನೀವೂ ಬದಲಾಯಿಸುವುದಾದರೆ ಮೊದಲು ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ನಡೆಸಿ ನೋಡಿ, ಡಿಸ್ಕ್‌ನಲ್ಲಿ ಇರುವುದು ಹಾಗೇ ಇರುತ್ತದೆ. ವೈಫೈ ಹಿಡಿಯುತ್ತದೆಯೇ ನೋಡಿ, ನಿಮ್ಮ ಪ್ರಿಂಟರ್‌ನಿಂದ ಒಂದು ಪಹಣಿ ತೆಗೆಯಿರಿ. ಆ ಹಾಳೆ ಸರಿಯಾಗಿ ಬಂದಮೇಲೆಯೇ ಇನ್‌ಸ್ಟಾಲ್ ಒತ್ತಿ.