60, 90, 144: ಟ್ಯಾಬ್ ಪರದೆಯ ವೇಗ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ

ನಮ್ಮ ಮನೆಯಲ್ಲಿ ಈಗ ಮೂರು ಟ್ಯಾಬ್‌ಗಳಿವೆ. ನಾನು ಬಳಸುವುದು ಶಿಯೋಮಿ ಪ್ಯಾಡ್ 6. ತಂಗಿಯದು ಹತ್ತನೇ ತಲೆಮಾರಿನ ಐಪ್ಯಾಡ್. ಅವಳ ಮಗಳು ಪಿಯುಸಿ ನೋಟ್ಸ್ ಬರೆಯುವುದು ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇಯಲ್ಲಿ. ಮೂರೂ ಹೆಚ್ಚುಕಮ್ಮಿ 11 ಇಂಚಿನವು, ಮೂರೂ ಎಲ್‌ಸಿಡಿ. ಆದರೆ ರಿಫ್ರೆಶ್ ರೇಟ್ ಮಾತ್ರ ಬೇರೆ ಬೇರೆ. ಐಪ್ಯಾಡ್ 60 ಹರ್ಟ್ಜ್, ಸ್ಯಾಮ್‌ಸಂಗ್ 90, ಶಿಯೋಮಿ 144. ಪರದೆಯ ವೇಗದಿಂದ ದಿನನಿತ್ಯ ಏನು ಸಿಗುತ್ತದೆ ಎಂದು ಹೋಲಿಸಲು ಇಷ್ಟು ಸಾಕಲ್ವಾ?

60 ಹರ್ಟ್ಜ್ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುತ್ತದೆ. 90, 120, 144 ಅಂದರೂ ಅದೇ ಲೆಕ್ಕ. ಇದರ ಪರಿಣಾಮ ತಿಳಿಯಲು ಒಂದು ಸಣ್ಣ ಲೆಕ್ಕ ಹಾಕೋಣ. ನೀವು ಪುಟವನ್ನು ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಮೇಲೆ ತಳ್ಳುತ್ತೀರಿ ಎಂದುಕೊಳ್ಳಿ. ಇದು ಸಾಮಾನ್ಯ ವೇಗವೇ. 60ರಲ್ಲಿ ಪ್ರತಿ ಚಿತ್ರಕ್ಕೆ ಅಕ್ಷರ 3.3 ಮಿಲಿಮೀಟರ್ ನೆಗೆಯುತ್ತದೆ. 90ರಲ್ಲಿ 2.2, 120ರಲ್ಲಿ 1.7, 144ರಲ್ಲಿ 1.4. ನಮ್ಮ ಕಣ್ಣು ಅಕ್ಷರದ ಜೊತೆ ಒಂದೇ ಸಮನೆ ಜಾರುತ್ತಿರುತ್ತದೆ. ಪರದೆ ಮಾತ್ರ ಪ್ರತಿ ಚಿತ್ರವನ್ನೂ ಮುಂದಿನದು ಬರುವವರೆಗೆ ನಿಲ್ಲಿಸಿಕೊಂಡಿರುತ್ತದೆ. ಕಣ್ಣು ಮುಂದೆ ಹೋಯಿತು, ಚಿತ್ರ ನಿಂತಲ್ಲೇ ನಿಂತಿತು. ಆ ವ್ಯತ್ಯಾಸವೇ ನಮಗೆ ಮಸುಕಾಗಿ ಕಾಣುವುದು. 3.3 ಮಿಲಿಮೀಟರ್ ಅಂದರೆ ಪುಸ್ತಕದ ಒಂದು ಅಕ್ಷರದಷ್ಟು ಎತ್ತರ. ಅಷ್ಟು ಮಸುಕಾದರೆ ಓದಲು ಏನು ಉಳಿಯುತ್ತದೆ?

ಕನ್ನಡ ಓದುವವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಇಂಗ್ಲಿಷಿನ ದಪ್ಪ ಅಕ್ಷರಗಳು ಸ್ವಲ್ಪ ಮಸುಕಾದರೂ ಅಂದಾಜಿಗೆ ಸಿಗುತ್ತವೆ. ನಮ್ಮ ಒತ್ತಕ್ಷರಗಳು ಹಾಗಲ್ಲ. ಸಾಲಿನ ಕೆಳಗೆ ಚಿಕ್ಕದಾಗಿ ಕೂತಿರುತ್ತವೆ, ಪುಟ ಮೇಲೆ ಓಡುವಾಗ ಮೊದಲು ಕಲಸಿಹೋಗುವುದು ಅವೇ. ಐಪ್ಯಾಡ್‌ನಲ್ಲಿ ಸುದ್ದಿ ಪುಟ ಉರುಳಿಸುತ್ತಾ ಓದಲು ನೋಡಿದೆ. ತಲೆಬರಹ ಸಿಕ್ಕಿತು, ಒಳಗಿನ ಸಾಲು ಓದಬೇಕಾದರೆ ನಿಲ್ಲಿಸಲೇಬೇಕಾಯಿತು. ಸ್ಯಾಮ್‌ಸಂಗ್‌ನಲ್ಲಿ ನಿಧಾನಕ್ಕೆ ಉರುಳಿಸಿದರೆ ಓದಬಹುದು. ಶಿಯೋಮಿಯಲ್ಲಿ ಇನ್ನೂ ಸ್ವಲ್ಪ ಜೋರಾಗಿ ಉರುಳಿಸಿದರೂ ಕಣ್ಣಿಗೆ ಸಾಲು ತಪ್ಪುವುದಿಲ್ಲ.

ಇ-ಪೇಪರ್‌ನಲ್ಲಿ ಲಾಭ ಇನ್ನೂ ಜಾಸ್ತಿ. ಅಲ್ಲಿ ಇಡೀ ಪುಟವನ್ನು ದೊಡ್ಡದು ಮಾಡಿ, ಒಂದು ಕಾಲಂನಿಂದ ಇನ್ನೊಂದಕ್ಕೆ ಎಳೆಯುತ್ತಲೇ ಇರಬೇಕು. ಬೆಳಿಗ್ಗೆ ಅರ್ಧ ಗಂಟೆ ಇದೇ ಕೆಲಸ. 60ರಿಂದ ಮೇಲಿನ ಪರದೆಗೆ ಬಂದಾಗ ಕಣ್ಣಿನ ಆಯಾಸ ಕಡಿಮೆ ಅನ್ನಿಸಿತು. ಇದು ನನ್ನ ಅನಿಸಿಕೆ ಅಷ್ಟೆ, ವೈದ್ಯಕೀಯ ಮಾತಲ್ಲ. ಅಮ್ಮನ ಕೈಗೆ ಮೂರನ್ನೂ ಕೊಟ್ಟು, ವ್ಯತ್ಯಾಸ ಗೊತ್ತಾಗುತ್ತಾ ಅಂತ ಕೇಳಿದೆ. "ನೀನು ಹೇಳ್ತಿದೀಯ ಅಂದ್ರೆ ಇರಬಹುದು ಕಣೋ, ಅಕ್ಷರ ದೊಡ್ಡದು ಮಾಡಿಕೊಡು" ಅಂದರು. ಅವರು ಉರುಳಿಸುತ್ತಾ ಓದುವವರಲ್ಲ. ಒಂದು ಪರದೆಯಷ್ಟು ಓದಿ ಮುಗಿಸಿ, ಆಮೇಲೆ ಮುಂದಕ್ಕೆ ತಳ್ಳುತ್ತಾರೆ. ಅಂಥವರಿಗೆ 60 ಧಾರಾಳ ಸಾಕು.

ಹಳೆಯ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್‌ಗಳ ಕಥೆ ಬೇರೆ. ಪುಟ ತಿರುಗಿಸಿದಾಗ ಮೊದಲು ಬಿಳಿ ಕಾಣಿಸಿ, ಆಮೇಲೆ ಅಕ್ಷರ ಮೂಡುತ್ತದಲ್ಲ, ಅದಕ್ಕೂ ರಿಫ್ರೆಶ್ ರೇಟ್‌ಗೂ ಸಂಬಂಧವಿಲ್ಲ. ಅದು ಪ್ರೊಸೆಸರ್, ರ‍್ಯಾಮ್ ಮತ್ತು ಆ ಆ್ಯಪ್‌ನ ಕೆಲಸ. ಪರದೆ ಎಷ್ಟೇ ಚುರುಕಾಗಿದ್ದರೂ ತೋರಿಸಲು ಪುಟ ಸಿದ್ಧವಾಗಬೇಕು ತಾನೆ?

ಮೂರು ಬೇರೆ ಬೇರೆ ಟ್ಯಾಬ್ ಹೋಲಿಸುವುದರಲ್ಲಿ ಒಂದು ತೊಡಕಿದೆ. ಪ್ರೊಸೆಸರ್ ಬೇರೆ, ತಂತ್ರಾಂಶ ಬೇರೆ. ಹಾಗಾಗಿ ಒಂದೇ ಟ್ಯಾಬ್‌ನಲ್ಲಿ ರೇಟ್ ಬದಲಾಯಿಸಿಯೂ ನೋಡಿದೆ. ಸ್ಯಾಮ್‌ಸಂಗ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗೆ ಮೋಷನ್ ಸ್ಮೂತ್‌ನೆಸ್ ಅಂತ ಇದೆ. ಸ್ಟ್ಯಾಂಡರ್ಡ್ ಆರಿಸಿದರೆ 60, ಅಡಾಪ್ಟಿವ್ ಆರಿಸಿದರೆ 90ರವರೆಗೆ ಹೋಗುತ್ತದೆ. 90ರಿಂದ 60ಕ್ಕೆ ಇಳಿಸಿದ ತಕ್ಷಣ ಬೆರಳಿಗೆ ಪುಟ ಭಾರವಾದಂತೆ ಅನ್ನಿಸುತ್ತದೆ. 60ರಿಂದ 90ಕ್ಕೆ ಏರಿಸಿದಾಗ ಅಷ್ಟು ಆಶ್ಚರ್ಯ ಆಗುವುದಿಲ್ಲ. ಏರುವಾಗಿನದಕ್ಕಿಂತ ಇಳಿಯುವಾಗಲೇ ಇದು ಚೆನ್ನಾಗಿ ಗೊತ್ತಾಗುವುದು. 60 ಬಿಟ್ಟು ಬೇರೆ ಬಳಸದವರು ಅದರಲ್ಲೇ ಸುಖವಾಗಿರುತ್ತಾರೆ, ಅವರನ್ನು ಸುಮ್ನೆ ಕೆಣಕಬೇಡಿ.

ಶಿಯೋಮಿಯಲ್ಲಿ 120 ಮತ್ತು 144ರ ನಡುವೆ ಏನು ಕಂಡಿತು? ಪ್ರಾಮಾಣಿಕವಾಗಿ ಹೇಳುವುದಾದರೆ, ಏನೂ ಇಲ್ಲ. ಕಾರಣ ಲೆಕ್ಕದಲ್ಲೇ ಇದೆ. 60ರಲ್ಲಿ ಒಂದು ಚಿತ್ರದ ಆಯಸ್ಸು 16.7 ಮಿಲಿಸೆಕೆಂಡ್, 90ರಲ್ಲಿ 11.1, 120ರಲ್ಲಿ 8.3, 144ರಲ್ಲಿ 6.9. ಮೊದಲ ಮೆಟ್ಟಿಲಲ್ಲಿ 5.6 ಮಿಲಿಸೆಕೆಂಡ್ ಉಳಿಯಿತು, ಎರಡನೆಯದರಲ್ಲಿ ಅದರರ್ಧ, ಮೂರನೆಯದರಲ್ಲಿ ಮತ್ತೆ ಅರ್ಧ. ಡಬ್ಬಿಯ ಮೇಲೆ 144 ಅಂತ ದಪ್ಪಗೆ ಬರೆದಿರುತ್ತಾರೆ. ಆದರೆ ದೊಡ್ಡ ಲಾಭ 60ರಿಂದ 90ಕ್ಕೆ ಹೋಗುವಾಗಲೇ ಮುಗಿದಿರುತ್ತದೆ. ಅದೂ ಅಲ್ಲದೆ ಎಲ್ಲಾ ಆ್ಯಪ್‌ಗಳೂ 144ರಲ್ಲಿ ಓಡುವುದಿಲ್ಲ. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಸಾಮಾನ್ಯವಾಗಿ ರಿಫ್ರೆಶ್ ರೇಟ್ ತೋರಿಸುವ ಒಂದು ಸ್ವಿಚ್ ಇರುತ್ತದೆ. ಹಾಕಿದರೆ ಪರದೆಯ ಮೂಲೆಯಲ್ಲಿ ಸಂಖ್ಯೆ ಕುಣಿಯುತ್ತಿರುತ್ತದೆ. ಯಾವ ಆ್ಯಪ್‌ಗೆ ಎಷ್ಟು ಸಿಗುತ್ತಿದೆ ಅಂತ ಅಲ್ಲೇ ಬಯಲಾಗುತ್ತದೆ.

ಪೆನ್ನಿನ ವಿಷಯದಲ್ಲಿ ನಾನು ಎಣಿಸಿದ್ದು ಬೇರೆ, ಕಂಡಿದ್ದು ಬೇರೆ. ರೇಟ್ ಹೆಚ್ಚಾದಷ್ಟೂ ಶಾಯಿ ಮೊನೆಯ ಹತ್ತಿರ ಬರಬೇಕು, ಅಲ್ವಾ? ತಕ್ಕ ಮಟ್ಟಿಗೆ ನಿಜ. ಸ್ಯಾಮ್‌ಸಂಗ್‌ನಲ್ಲಿ 60 ಮತ್ತು 90ರ ಮಧ್ಯೆ ವ್ಯತ್ಯಾಸ ಕಾಣುತ್ತದೆ. ಬೇಗ ಬೇಗ ಸಮೀಕರಣ ಬರೆಯುವಾಗ 90ರಲ್ಲಿ ಗೆರೆ ಕಡಿಮೆ ಹಿಂದುಳಿಯುತ್ತದೆ. ಆದರೆ 60 ಹರ್ಟ್ಜ್‌ನ ಐಪ್ಯಾಡ್‌ನಲ್ಲಿ ಆಪಲ್ ಪೆನ್ಸಿಲ್ ಹಿಡಿದು ಬರೆದಾಗ ಅದು ಸೋಲಲಿಲ್ಲ. ತಂತ್ರಾಂಶ ಪೆನ್ನು ಮುಂದೆ ಎಲ್ಲಿ ಹೋಗುತ್ತದೆ ಎಂದು ಊಹಿಸಿ ಮೊದಲೇ ಗೆರೆ ಎಳೆದಿರುತ್ತದೆ. 2019ರಲ್ಲಿ ಐಪ್ಯಾಡ್‌ಓಎಸ್ 13 ಪರಿಚಯಿಸುವಾಗ, ಪೆನ್ಸಿಲ್‌ನ ತಡ 20 ಮಿಲಿಸೆಕೆಂಡ್‌ನಿಂದ 9ಕ್ಕೆ ಇಳಿಯುತ್ತದೆ ಎಂದು ಆಪಲ್ ಹೇಳಿತ್ತು. ಅದಕ್ಕಾಗಿ ಯಾರೂ ಹೊಸ ಪರದೆ ಕೊಳ್ಳಬೇಕಿರಲಿಲ್ಲ, ತಂತ್ರಾಂಶ ಅಪ್‌ಡೇಟ್ ಮಾಡಿದರೆ ಸಾಕಿತ್ತು. ನನಗೆ ಆ ಐಪ್ಯಾಡ್‌ನಲ್ಲಿ ಹೆಚ್ಚು ಅಡ್ಡ ಬಂದದ್ದು ರೇಟ್ ಅಲ್ಲ, ಗಾಜಿಗೂ ಒಳಗಿನ ಪರದೆಗೂ ಇರುವ ತೆಳು ಅಂತರ. ಅದರ ಪರದೆ ಲ್ಯಾಮಿನೇಟ್ ಮಾಡಿದ್ದಲ್ಲ, ಅಂದರೆ ಗಾಜಿಗೆ ಅಂಟಿಸಿದ್ದಲ್ಲ. ಮೊನೆ ಒಂದು ಕಡೆ, ಗೆರೆ ಸ್ವಲ್ಪ ಕೆಳಗೆ. ಸ್ಯಾಮ್‌ಸಂಗ್ ಡಬ್ಬಿಯಲ್ಲೇ ಎಸ್ ಪೆನ್ ಬರುತ್ತದೆ, ಉಳಿದೆರಡಕ್ಕೂ ಪೆನ್ನಿಗೆ ಬೇರೆ ದುಡ್ಡು. ವಿದ್ಯಾರ್ಥಿಗಳಿಗೆ ಇದು 144ಕ್ಕಿಂತ ದೊಡ್ಡ ವಿಷಯ.

ವಿಡಿಯೋ ನೋಡಲು ಹೈ ರಿಫ್ರೆಶ್ ರೇಟ್ ಬೇಕೇಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಯೂಟ್ಯೂಬ್‌ನ ಬಹುಪಾಲು 24, 25 ಅಥವಾ 30, ಕೆಲವು 60. 144ರ ಪರದೆ ಇಲ್ಲದ ಚಿತ್ರವನ್ನು ಎಲ್ಲಿಂದ ತರುತ್ತದೆ? ಒಂದು ಸಣ್ಣ ಉಪಕಾರ ಇದೆ. 24 ಚಿತ್ರಗಳನ್ನು 60ಕ್ಕೆ ಸಮನಾಗಿ ಹಂಚಲು ಆಗುವುದಿಲ್ಲ. ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಕಾಣಿಸಬೇಕು. ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗುವ ದೃಶ್ಯದಲ್ಲಿ ಸಣ್ಣ ತೊದಲು ಕಾಣುತ್ತದೆ. 120ಕ್ಕೆ ಹಂಚಿದರೆ ಪ್ರತಿ ಚಿತ್ರಕ್ಕೂ ಐದು ಸಲ, 144ಕ್ಕೆ ಆರು ಸಲ, ಸಮ ಪಾಲು. 90ಕ್ಕೆ ಇದೂ ಕೂಡಿ ಬರುವುದಿಲ್ಲ. ಪ್ಯಾಡ್ 6 ವಿಡಿಯೋಗೆ ತಕ್ಕಂತೆ 48, 50ಕ್ಕೂ ಇಳಿಯುವಂಥದ್ದು. ಇಷ್ಟೆಲ್ಲಾ ಗೊತ್ತಿದ್ದೂ ಯಕ್ಷಗಾನದ ವಿಡಿಯೋ, ಕ್ರಿಕೆಟ್ ಮ್ಯಾಚ್ ಹಾಕಿ ಮೂರನ್ನೂ ಪಕ್ಕಪಕ್ಕ ಇಟ್ಟಾಗ, ನನಗೆ ಬಣ್ಣ ಮತ್ತು ಸ್ಪೀಕರ್‌ಗಳ ವ್ಯತ್ಯಾಸ ಬಿಟ್ಟು ಬೇರೇನೂ ಕಾಣಲಿಲ್ಲ. ಗೇಮ್ ಆಡುವವರು ತಮ್ಮ ಗೇಮ್ ಆ ಮಾಡೆಲ್‌ಗೆ 90 ಅಥವಾ 120 ಕೊಡುತ್ತದೆಯೇ ನೋಡಿಕೊಳ್ಳಲಿ. ನನಗೆ ಅದರ ಗೀಳಿಲ್ಲ.

ಗೆಳೆಯನೊಬ್ಬನ ಅಗ್ಗದ ಟ್ಯಾಬ್ ಕೂಡ ಕೈಗೆ ಬಂದಿತ್ತು. ಕಂಪನಿಯ ಹೆಸರು ಬೇಡ. ಅದೂ 90 ಹರ್ಟ್ಜ್. ಆದರೆ ರ‍್ಯಾಮ್ ಕಡಿಮೆ, ಪ್ರೊಸೆಸರ್ ಸಾಧಾರಣ. ಬ್ರೌಸರ್‌ನಲ್ಲಿ ಚಿತ್ರ, ಜಾಹೀರಾತು ತುಂಬಿದ ಪುಟ ಉರುಳಿಸಿದರೆ ಒಮ್ಮೆ ನುಣ್ಣಗೆ ಹೋಗುತ್ತದೆ, ಒಮ್ಮೆ ಗಕ್ಕನೆ ನಿಲ್ಲುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಹೊಸ ಕಾರು ಓಡಿಸಿದ ಹಾಗೆ. ಇದರ ಮುಂದೆ ಐಪ್ಯಾಡ್‌ನ 60 ಎಷ್ಟೋ ಹಿತ, ಯಾಕೆಂದರೆ ಅದು ಒಂದೇ ಸಮನೆ 60. ಕಣ್ಣಿಗೆ ಕಿರಿಕಿರಿ ಮಾಡುವುದು ಕಡಿಮೆ ವೇಗಕ್ಕಿಂತ ಏರುಪೇರು.

ಬ್ಯಾಟರಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಹೆಚ್ಚಿನ ರೇಟ್ ಇಟ್ಟರೆ ಚಾರ್ಜ್ ಸ್ವಲ್ಪ ಬೇಗ ಇಳಿಯುತ್ತದೆ, ಅಷ್ಟೆ. ದೂರದ ಪ್ರಯಾಣಕ್ಕೆ ಹೊರಟಾಗ 60ಕ್ಕೆ ಇಳಿಸಿಕೊಳ್ಳುತ್ತೇನೆ.

ಬೆಲೆಗೆ ಬಂದರೆ ವಿಚಿತ್ರ ಕಾಣುತ್ತದೆ. ಆಪಲ್ 2017ರಲ್ಲೇ ಐಪ್ಯಾಡ್ ಪ್ರೋಗೆ 120 ಹರ್ಟ್ಜ್ ಕೊಟ್ಟಿತು. ಆದರೆ 2025ರಲ್ಲಿ ಬಂದ ಎ16 ಚಿಪ್‌ನ ಐಪ್ಯಾಡ್, ಎಂ3 ಚಿಪ್‌ನ ಐಪ್ಯಾಡ್ ಏರ್ ಎರಡೂ 60ರಲ್ಲೇ ಇವೆ. 2024ರ 11 ಇಂಚಿನ ಪ್ರೋ ಭಾರತಕ್ಕೆ ಬಂದದ್ದು 99,900 ರೂಪಾಯಿಗೆ. ಆಂಡ್ರಾಯ್ಡ್ ಕಡೆ ಅದೇ ವರ್ಷ ರೆಡ್‌ಮಿ ಪ್ಯಾಡ್ ಎಸ್ಇ 90 ಹರ್ಟ್ಜ್‌ನೊಂದಿಗೆ 12,999ಕ್ಕೆ ಶುರುವಾಯಿತು. ಪ್ಯಾಡ್ 6 ಬಂದಾಗ 26,999 ಇತ್ತು. ಓದುವುದೇ ಮುಖ್ಯ ಕೆಲಸವಾದವರಿಗೆ ನಾನು 90 ಅಥವಾ 120ರ ಆಂಡ್ರಾಯ್ಡ್ ಹೇಳುತ್ತೇನೆ, 8 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು. ನೋಟ್ಸ್ ಬರೆಯುವ ಮಕ್ಕಳಿಗೆ ಪೆನ್ನು ಸೇರಿದ 90ರದ್ದು. ಬರೀ ವಿಡಿಯೋ, ವಿಡಿಯೋ ಕಾಲ್ ಅಂದರೆ 60 ತೆಗೆದುಕೊಂಡು ಉಳಿದ ದುಡ್ಡಿಗೆ ಒಳ್ಳೆಯ ಕವರ್ ಹಾಕಿಸಿ.

ಅಂಗಡಿಯಲ್ಲಿ ಅವರು ಹಾಕಿಟ್ಟ ಡೆಮೊ ವಿಡಿಯೋ ನೋಡುತ್ತಾ ನಿಲ್ಲಬೇಡಿ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ರೇಟ್ ಎಷ್ಟಕ್ಕೆ ಇಟ್ಟಿದ್ದಾರೆ ನೋಡಿ. ಕೆಲವೊಮ್ಮೆ 60ರಲ್ಲೇ ಇರುತ್ತದೆ. ಆಮೇಲೆ ಬ್ರೌಸರ್ ತೆರೆದು, ಉದ್ದನೆಯ ಕನ್ನಡ ಸುದ್ದಿ ಪುಟವೊಂದನ್ನು ಉರುಳಿಸುತ್ತಲೇ ಓದಲು ನೋಡಿ.