ಡಿವಿಡಿ ಇಲ್ಲದೆ ವಿಂಡೋಸ್ 11: ಬಳಸಿ ನೋಡಿದ ದಾರಿಗಳಲ್ಲಿ ನನ್ನ ಮತ ಐಎಸ್‌ಒ ಕಡತಕ್ಕೆ

ಲ್ಯಾಪ್‌ಟಾಪಿನೊಂದಿಗೇ ಬಂದ ವಿಂಡೋಸ್ 10 ಅನ್ನು 11ಕ್ಕೆ ಏರಿಸಲು ಡಿವಿಡಿಯಾಗಲಿ, ಕೀಲಿಸಂಖ್ಯೆ ಬರೆದ ಚೀಟಿಯಾಗಲಿ ಬೇಕಾಗಿಲ್ಲ. ಅದಕ್ಕಿರುವ ದಾರಿಗಳಲ್ಲಿ, ಐಎಸ್‌ಒ ಕಡತವನ್ನು (ಇಡೀ ಡಿವಿಡಿಯ ಸಾಮಗ್ರಿಯನ್ನು ಒಂದೇ ಕಡತವಾಗಿಸಿದ್ದು) ಒಮ್ಮೆ ಇಳಿಸಿಕೊಂಡು, ಹಳೆಯ ವಿಂಡೋಸ್ ನಡೆಯುತ್ತಿರುವಾಗಲೇ ಅದರೊಳಗಿನ ಸೆಟಪ್ಪನ್ನು ಓಡಿಸುವ ಕ್ರಮವೇ ನನಗೆ ಎಲ್ಲಕ್ಕಿಂತ ಹಿಡಿಸಿತು. ಈ ಮಾತನ್ನು ನಾನು ಹೇಳುತ್ತಿರುವುದು ಬದಿಯಡ್ಕದ ಸಮೀಪದ ಮನೆಯಲ್ಲಿ ಕುಳಿತು ಕನ್ನಡ ಮತ್ತು ಮಲಯಾಳ ಎರಡರಲ್ಲೂ ಆಮಂತ್ರಣ, ನೋಟೀಸು, ಬ್ರಹ್ಮಕಲಶೋತ್ಸವದ ಪತ್ರಿಕೆಗಳ ಡಿಟಿಪಿ ಮಾಡುವವನಾಗಿ. ಆಟವಾಡಲು ಅಥವಾ ಸಿನಿಮಾ ನೋಡಲು ಮಾತ್ರ ಯಂತ್ರ ಇಟ್ಟುಕೊಂಡವರ ಲೆಕ್ಕಾಚಾರ ಬೇರೆಯಾಗಬಹುದು.

ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತುದರಿಂದ ಮನೆಯ ಯಂತ್ರಗಳನ್ನು ಏರಿಸುವುದು ಅನಿವಾರ್ಯವಾಯಿತು. ಕೀಲಿಸಂಖ್ಯೆಯ ಚಿಂತೆ ಇರಲಿಲ್ಲ. ವಿಂಡೋಸ್ 8ರ ಕಾಲದಿಂದಲೂ ತಯಾರಕರು ಅದನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಬರೆದು ಕಳುಹಿಸುತ್ತಾರೆ. ಹೊಸ ಆವೃತ್ತಿ ಅದನ್ನು ತಾನೇ ಓದಿಕೊಳ್ಳುತ್ತದೆ. ಯಂತ್ರಕ್ಕೆ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದೆಯೇ, ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿದೆಯೇ ಎಂಬುದನ್ನು ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ತಂತ್ರಾಂಶ ಹೇಳಿಬಿಡುತ್ತದೆ. ಟಿಪಿಎಂ ಇಲ್ಲವೆಂದು ಅದು ಹೇಳಿದರೆ ನಿರಾಶರಾಗುವ ಮೊದಲು ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದಾರೆಯೇ ಎಂದು ನೋಡುವುದು ಒಳ್ಳೆಯದು.

ವಿಂಡೋಸ್ ಅಪ್‌ಡೇಟ್ ಪುಟದಲ್ಲೇ 11ರ ಆಹ್ವಾನ ಬಂದಿದ್ದರೆ ಅದಕ್ಕಿಂತ ಸುಲಭವಾದದ್ದು ಇಲ್ಲ. ಆದರೆ ಅದು ಎಲ್ಲ ಯಂತ್ರಗಳಿಗೂ ಒಂದೇ ಸಲ ಬರುವುದಿಲ್ಲ, ನನ್ನದಕ್ಕೆ ಬಂದಿರಲಿಲ್ಲ.

ಮಗಳ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಲೇಶನ್ ಅಸಿಸ್ಟೆಂಟ್ ಎಂಬ ಪುಟ್ಟ ತಂತ್ರಾಂಶವನ್ನು ಬಳಸಿದೆವು. ಅದು ಕೇಳುವುದು 9 ಜಿಬಿ ಖಾಲಿ ಜಾಗ ಮತ್ತು ನಿಲ್ಲದ ಇಂಟರ್‌ನೆಟ್. ಭಾಷೆ, ಆವೃತ್ತಿ ಯಾವುದನ್ನೂ ಅದು ನಮ್ಮನ್ನು ಕೇಳುವುದಿಲ್ಲ, ಯಂತ್ರದಲ್ಲಿ ಇರುವುದನ್ನು ನೋಡಿ ಹೊಂದುವುದನ್ನೇ ಇಳಿಸಿಕೊಳ್ಳುತ್ತದೆ. ಇದು ಅದರ ದೊಡ್ಡ ಗುಣ. ನಮ್ಮ ಕಡೆ ತುಲಾ ತಿಂಗಳ ಸಂಜೆಗಳಲ್ಲಿ ಗುಡುಗು ಶುರುವಾಯಿತೆಂದರೆ ಮೋಡೆಮ್ಮಿನ ಪ್ಲಗ್ ಕಳಚಿಡುವುದು ರೂಢಿ, ವಿದ್ಯುತ್ತು ಹೋಗುವುದಂತೂ ಇದ್ದದ್ದೇ. ಹೀಗೆ ಅಡ್ಡಿಯಾದಾಗ ಕಡತ ಎಷ್ಟು ಇಳಿದಿದೆ, ಉಳಿದದ್ದು ಎಲ್ಲಿಂದ ಮುಂದುವರಿಯುತ್ತದೆ ಎಂಬ ಹಿಡಿತ ನಮ್ಮ ಕೈಯಲ್ಲಿ ಇರುವುದಿಲ್ಲ, ಹಾಗೆ ಇಳಿದದ್ದನ್ನು ಇನ್ನೊಂದು ಯಂತ್ರಕ್ಕೆ ಒಯ್ಯುವ ಹಾಗೂ ಇಲ್ಲ. ದಿನಕ್ಕಿಷ್ಟೇ ಡೇಟಾ ಎಂಬ ಮೊಬೈಲ್ ಪ್ಲಾನನ್ನು ನೆಚ್ಚಿಕೊಂಡ ಮನೆಯಲ್ಲಿ ಪ್ರತಿ ಯಂತ್ರಕ್ಕೂ ಹೊಸದಾಗಿ ಹಲವು ಜಿಬಿ ಖರ್ಚು ಮಾಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಐಎಸ್‌ಒ ಕಡತ ಈ ಎರಡೂ ತೊಂದರೆಗಳನ್ನು ನೀಗಿಸುತ್ತದೆ. ಐದು ಜಿಬಿ ಮೀರಿದ ಆ ಕಡತವನ್ನು ಕುಂಬಳೆಯಲ್ಲಿರುವ ಭಾವನ ಮನೆಯ ಫೈಬರ್ ಸಂಪರ್ಕದಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತಂದೆ. ಮೈಕ್ರೋಸಾಫ್ಟ್ ಕೊಡುವ ಡೌನ್‌ಲೋಡ್ ಕೊಂಡಿ 24 ಗಂಟೆಗಳ ಕಾಲ ಮಾತ್ರ ಜೀವಂತವಾಗಿರುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಕಡತ ಅದರಲ್ಲಿ ಹಿಡಿಯುವುದಿಲ್ಲವಾದ್ದರಿಂದ ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಬೇಕು. ಕಡತವನ್ನು ಹಾರ್ಡ್‌ಡಿಸ್ಕಿಗೆ ಹಾಕಿ ಎರಡು ಸಲ ಕ್ಲಿಕ್ಕಿಸಿದರೆ ಡಿವಿಡಿ ಹಾಕಿದಂತೆ ಒಂದು ಹೊಸ ಡ್ರೈವ್ ಕಾಣಿಸಿಕೊಳ್ಳುತ್ತದೆ. ಅದರೊಳಗಿನ ಸೆಟಪ್ಪನ್ನು ಒತ್ತಿ, ಅಪ್‌ಡೇಟುಗಳನ್ನು ಈಗಲೇ ಇಳಿಸುವುದು ಬೇಡವೆಂದು ಆರಿಸಿದರೆ ಮುಂದಿನ ಕೆಲಸಕ್ಕೆ ಇಂಟರ್‌ನೆಟ್ಟಿನ ಹಂಗಿಲ್ಲ.

ಇಷ್ಟೆಲ್ಲ ನೇರವಾಗಿರುವ ದಾರಿಯಲ್ಲಿ ಒಂದೇ ಒಂದು ಕಡೆ ಮುಳ್ಳಿದೆ, ಅದು ಭಾಷೆಯದು. ಡೌನ್‌ಲೋಡ್ ಪುಟದ ಭಾಷಾ ಪಟ್ಟಿಯಲ್ಲಿ ಇಂಗ್ಲಿಷ್ ಎರಡು ಬಗೆಯಲ್ಲಿದೆ: ಅಮೆರಿಕದ ಇಂಗ್ಲಿಷ್ ಒಂದು, ಇಂಗ್ಲಿಷ್ ಇಂಟರ್‌ನ್ಯಾಷನಲ್ ಇನ್ನೊಂದು. ಎರಡನೆಯದೆಂದರೆ ಬ್ರಿಟಿಷ್ ಇಂಗ್ಲಿಷ್. ಭಾರತದಲ್ಲಿ ಮಾರಾಟವಾದ ಲ್ಯಾಪ್‌ಟಾಪಿನಲ್ಲಿ ಇವೆರಡರಲ್ಲಿ ಯಾವುದು ಇದೆಯೆಂದು ಮೇಲ್ನೋಟಕ್ಕೆ ತಿಳಿಯುವುದಿಲ್ಲ, ಏಕೆಂದರೆ ಸೆಟ್ಟಿಂಗಿನಲ್ಲಿ ಕಾಣುವ ಇಂಡಿಯಾ ಎಂಬುದು ದಿನಾಂಕ ಮತ್ತು ರೂಪಾಯಿಯನ್ನು ಬರೆಯುವ ಕ್ರಮಕ್ಕೆ ಸಂಬಂಧಿಸಿದ್ದೇ ಹೊರತು ವಿಂಡೋಸಿನ ಮೂಲ ಭಾಷೆಗೆ ಸಂಬಂಧಿಸಿದ್ದಲ್ಲ. ಮೊದಲು ತಂದದ್ದು ಇಂಟರ್‌ನ್ಯಾಷನಲ್ ಕಡತ. ಏನನ್ನು ಉಳಿಸಿಕೊಳ್ಳಬೇಕೆಂದು ಸೆಟಪ್ ಕೇಳುವ ಪರದೆಯವರೆಗೆ ಎಲ್ಲವೂ ಸಲೀಸಾಗಿ ಸಾಗಿತು. ಅಲ್ಲಿರುವ ಮೂರು ಆಯ್ಕೆಗಳಲ್ಲಿ ಮೊದಲನೆಯದಾದ, ಕಡತಗಳೊಂದಿಗೆ ಅಪ್ಲಿಕೇಶನ್‌ಗಳನ್ನೂ ಉಳಿಸುವ ಸಾಲು ಮಸುಕಾಗಿ ಒತ್ತಲಾಗದಂತಿತ್ತು. ತಂದ ಕಡತದ ಭಾಷೆ ಯಂತ್ರದಲ್ಲಿದ್ದ ವಿಂಡೋಸಿನ ಮೂಲ ಭಾಷೆಗೆ ಹೊಂದದಿದ್ದುದೇ ಇದಕ್ಕೆ ಕಾರಣ.

ಕಡತಗಳು ಉಳಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಸಾಲದು. ಹಳೆಯ ಗಿರಾಕಿಗಳ ಆಮಂತ್ರಣಗಳೆಲ್ಲ ಇರುವುದು ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿ, ಮಲಯಾಳದವು ಎಂಎಲ್-ಟಿಟಿ ರೇವತಿ, ಎಂಎಲ್-ಟಿಟಿ ಕಾರ್ತಿಕದಂಥ ಫಾಂಟುಗಳಲ್ಲಿ. ಆ ಫಾಂಟುಗಳಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ರಾಶಿ. ನುಡಿ ತಂತ್ರಾಂಶ, ಫಾಂಟುಗಳು, ಪ್ರಿಂಟರಿನ ವ್ಯವಸ್ಥೆ, ವರ್ಷಗಳಿಂದ ನನ್ನ ಕೈಗೆ ಒಗ್ಗಿದ ಕೀಲಿಮಣೆಯ ವಿನ್ಯಾಸ ಎಲ್ಲವನ್ನೂ ಪುನಃ ಕೂರಿಸುವುದೆಂದರೆ ಉತ್ಸವಗಳ ಕಾಲದಲ್ಲಿ ದುಡಿಮೆಯನ್ನೇ ನಿಲ್ಲಿಸಿದಂತೆ. ಆದ್ದರಿಂದ ಸೆಟಪ್ಪನ್ನು ಅಲ್ಲಿಗೇ ಮುಚ್ಚಿದೆ. ಅಷ್ಟರವರೆಗೆ ಯಂತ್ರದಲ್ಲಿ ಏನೂ ಬದಲಾಗಿರುವುದಿಲ್ಲ ಎಂಬುದು ಈ ಕ್ರಮದ ಇನ್ನೊಂದು ಅನುಕೂಲ.

ಮೂಲ ಭಾಷೆಯನ್ನು ತಿಳಿಯುವ ದಾರಿ ರಿಜಿಸ್ಟ್ರಿ ಎಡಿಟರಿನಲ್ಲಿದೆ. ಎಚ್‌ಕೀ ಲೋಕಲ್ ಮೆಷಿನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಎನ್‌ಎಲ್‌ಎಸ್, ಲ್ಯಾಂಗ್ವೇಜ್ ಎಂದು ಒಂದರೊಳಗೊಂದು ತೆರೆಯುತ್ತ ಹೋದರೆ ಇನ್‌ಸ್ಟಾಲ್ ಲ್ಯಾಂಗ್ವೇಜ್ ಎಂಬ ಸಾಲು ಸಿಗುತ್ತದೆ. ಅದರ ಎದುರು 0409 ಇದ್ದರೆ ಅಮೆರಿಕದ ಇಂಗ್ಲಿಷ್, 0809 ಇದ್ದರೆ ಇಂಟರ್‌ನ್ಯಾಷನಲ್. ನೋಡಿದರೆ ಸಾಕು, ಅಲ್ಲಿ ಏನನ್ನೂ ಬದಲಿಸುವ ಅಗತ್ಯವಿಲ್ಲ. ನನ್ನದರಲ್ಲಿ 0409 ಇತ್ತು. ಅದಕ್ಕೆ ಹೊಂದುವ ಕಡತವನ್ನು ತಂದು ಸೆಟಪ್ ಓಡಿಸಿದಾಗ ಮಸುಕಾಗಿದ್ದ ಸಾಲು ತೆರೆದುಕೊಂಡಿತು, ಯಂತ್ರ ಹಲವು ಬಾರಿ ಆಫ್ ಆಗಿ ಆನ್ ಆದ ಬಳಿಕ ನುಡಿ, ಫಾಂಟು, ಪ್ರಿಂಟರು ಎಲ್ಲವೂ ಇದ್ದಲ್ಲೇ ಇದ್ದವು. ನಮ್ಮಲ್ಲಿ ಅಗ್ಗದ ಲ್ಯಾಪ್‌ಟಾಪುಗಳೊಂದಿಗೆ ಬರುವ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿಯೂ ಇದೇ ಐಎಸ್‌ಒ ಒಳಗಿದೆ, ಬೇರೆ ಹುಡುಕಬೇಕಾಗಿಲ್ಲ. ಆ ಆವೃತ್ತಿಯಲ್ಲಿ ಪರದೆಯ ಭಾಷೆಯಾಗಿ ಕನ್ನಡವನ್ನೋ ಮಲಯಾಳವನ್ನೋ ಸೇರಿಸಲು ಆಗದು. ಟೈಪಿಸುವುದಕ್ಕೆ ಎರಡೂ ಕೀಲಿಮಣೆಗಳಿಗೆ ಅಡ್ಡಿಯಿಲ್ಲ.

ಮೀಡಿಯಾ ಕ್ರಿಯೇಶನ್ ಟೂಲಿನಿಂದ ಬೂಟ್ ಆಗುವ ಪೆನ್‌ಡ್ರೈವ್ ಮಾಡಿ, ಅದರಿಂದ ಯಂತ್ರವನ್ನು ಹೊಸದಾಗಿ ಕಟ್ಟುವುದು ಮೂರನೆಯ ದಾರಿ. 8 ಜಿಬಿ ಪೆನ್‌ಡ್ರೈವ್ ಸಾಕು. ವೈರಸ್ ಹಿಡಿದ, ಮಂದವಾದ ಯಂತ್ರಕ್ಕೆ ಇದೇ ಸರಿ, ನೆಂಟರೊಬ್ಬರ ಲ್ಯಾಪ್‌ಟಾಪಿಗೆ ಹಾಗೆ ಮಾಡಿಯೂ ಕೊಟ್ಟೆ. ಆದರೆ ಹಾಗೆ ಬೂಟ್ ಮಾಡಿದಾಗ ಅಪ್ಲಿಕೇಶನ್‌ಗಳನ್ನು ಉಳಿಸಿ ಏರಿಸುವ ಅವಕಾಶ ಇರುವುದಿಲ್ಲ. ಅಲ್ಲದೆ, ಇಂಟೆಲ್‌ನ 11ನೇ ತಲೆಮಾರಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಶೇಖರಣೆಯ ಡ್ರೈವರನ್ನು ಮುಂಚಿತವಾಗಿ ಪೆನ್‌ಡ್ರೈವಿಗೆ ಹಾಕಿಡದಿದ್ದರೆ ಡಿಸ್ಕೇ ಕಾಣುವುದಿಲ್ಲ. ಬಯಾಸ್ ಬದಲಿಸಿದ ಮೇಲೆ ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ತನ್ನ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು, ಅದನ್ನು ಬರೆದಿಟ್ಟುಕೊಂಡೇ ಕೈ ಹಾಕಬೇಕು.

ತಯಾರಕರ ರಿಕವರಿ ವಿಭಾಗ ಹಳೆಯ ಆವೃತ್ತಿಗೇ ಮರಳಿಸುತ್ತದೆ, ಮೇಲಕ್ಕೆ ಏರಿಸುವುದಿಲ್ಲ. ಅಂಗಡಿಗೆ ಕೊಟ್ಟರೆ ಅವರೂ ಪೆನ್‌ಡ್ರೈವಿನ ದಾರಿಯನ್ನೇ ಹಿಡಿಯುವುದು ಸಾಮಾನ್ಯ. ಫಾರ್ಮ್ಯಾಟ್ ಮಾಡಬಾರದೆಂದು ಚೀಟಿ ಅಂಟಿಸಿ ಕೊಡುವುದು ಕ್ಷೇಮ.

ಮನೆಯಲ್ಲಿ ನಿರಂತರ ಫೈಬರ್ ಸಂಪರ್ಕವಿದ್ದು, ಒಂದೇ ಯಂತ್ರವಿರುವವರು ಅಸಿಸ್ಟೆಂಟನ್ನು ಬಳಸಲಿ, ಭಾಷೆಯ ಗೋಜಲೇ ಬರುವುದಿಲ್ಲ. ಒಂದಕ್ಕಿಂತ ಹೆಚ್ಚು ಯಂತ್ರ, ಅಳತೆಯ ಡೇಟಾ, ಹಳೆಯ ಫಾಂಟುಗಳ ಕೆಲಸ ಇರುವವರಿಗೆ ನಾನು ಐಎಸ್‌ಒ ಕಡತವನ್ನೇ ಹೇಳುತ್ತೇನೆ. ಇದಕ್ಕೆ ನನಗೆ ತಗಲಿದ ವೆಚ್ಚ ಕುಂಬಳೆಗೆ ಹೋಗಿ ಬರುವ ಬಸ್ಸಿನ ಹಣ ಮಾತ್ರ. ಏರಿಸಿದ ಬಳಿಕ ಹಳೆಯ ವ್ಯವಸ್ಥೆಗೆ ಮರಳುವ ಅವಕಾಶ 10 ದಿನಗಳವರೆಗೆ ಇರುತ್ತದೆ. ಸಿ ಡ್ರೈವಿನಲ್ಲಿ ಜಾಗ ತಿನ್ನುತ್ತದೆಂದು ವಿಂಡೋಸ್ ಓಲ್ಡ್ ಎಂಬ ಫೋಲ್ಡರನ್ನು ಅಳಿಸಿದರೆ ಆ ಅವಕಾಶ ಹೋಗುತ್ತದೆ. ಅಷ್ಟರೊಳಗೆ ಕನ್ನಡದ್ದೊಂದು, ಮಲಯಾಳದ್ದೊಂದು ಹಳೆಯ ಕಡತವನ್ನು ತೆರೆದು, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಕಾಗದದ ಮೇಲೆಯೇ ಮುದ್ರಿಸಿ ನೋಡಬೇಕು.